ಬಂಧನಗೃಹದಿಂದ ಮನೆಗೆ: ಬಿಡುಗಡೆಯಾದ ಮಕ್ಕಳ ಜೊತೆ ನಿಲ್ಲುವವರಿಗೊಂದು ಸಮಗ್ರ ಮಾರ್ಗದರ್ಶಿ

ಬಿಡುಗಡೆಯ ಆದೇಶ ಕೈಗೆ ಬಂದ ದಿನ ಎಲ್ಲರ ಕೆಲಸವೂ ಮುಗಿದಂತೆ ಕಾಣುತ್ತದೆ. ನ್ಯಾಯಾಲಯದಲ್ಲಿ ಕಡತ ಮುಚ್ಚುತ್ತದೆ, ಬಂಧನಗೃಹದವರು ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಮನೆಯವರು ಉಸ್ಸಪ್ಪಾ ಎನ್ನುತ್ತಾರೆ. ಹುಡುಗನ ಪಾಲಿಗೆ ಕಷ್ಟದ ಕೆಲಸ ಶುರುವಾಗುವುದೇ ಆವತ್ತು. ಶಾಲೆ ತಪ್ಪಿ ಹೋಗಿದೆ. ಗೆಳೆಯರು ಬದಲಾಗಿದ್ದಾರೆ ಅಥವಾ ಚೂರೂ ಬದಲಾಗಿಲ್ಲ, ಎರಡೂ ತೊಂದರೆಯೇ. ಬೀದಿಯ ಜನಕ್ಕೆ ಅವನ ಬಗ್ಗೆ ಗೊತ್ತಿರುವುದು ಒಂದೇ ಸಂಗತಿ.

ವಿಚಾರಣಾ ಬಂಧನ ಮತ್ತು ಜೈಲುಗಳಲ್ಲಿ ಪ್ರತಿ ವರ್ಷ ಕನಿಷ್ಠ 4,10,000 ಮಕ್ಕಳು ಇರುತ್ತಾರೆಂದು ವಿಶ್ವಸಂಸ್ಥೆಯ 2019ರ ಜಾಗತಿಕ ಅಧ್ಯಯನ ಅಂದಾಜು ಮಾಡಿತು. ಇವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದಲ್ಲ ಒಂದು ದಿನ ಹೊರಗೆ ಬರುವವರೇ. ರಿಮ್ಯಾಂಡ್ ಹೋಮ್, ವೀಕ್ಷಣಾಲಯ, ವಿಶೇಷ ಗೃಹ ಎಂದು ಹೆಸರು ಏನೇ ಇರಲಿ, ಅಲ್ಲಿಂದ ಬರುವ ಮಗುವಿಗಾಗಿ ಮನೆಯವರು, ಶಿಕ್ಷಕರು, ಸಮಾಜ ಕಾರ್ಯಕರ್ತರು, ಸ್ವಯಂಸೇವಕರು ಏನು ಮಾಡಬಹುದು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮರಳುವ ದಾರಿ ಕೆಡುವುದು ಹುಡುಗನ ಹಟದಿಂದ ಎಂದು ಜನ ನಂಬುತ್ತಾರೆ. ಬಹುತೇಕ ಸಲ ಅದು ಕೆಡುವುದು ದೊಡ್ಡವರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅವನನ್ನು ದಾಟಿಸುವಾಗ ಬಿಟ್ಟ ಸಂದುಗಳಲ್ಲಿ. ಈ ಮಾರ್ಗದರ್ಶಿಯ ಉದ್ದೇಶ ಆ ಸಂದುಗಳನ್ನು ಮುಚ್ಚುವುದು.

ಹಂತ 1: ಒಳಗಿರುವಾಗಲೇ ಶುರು ಮಾಡಿ

ಬಿಡುಗಡೆಗೆ ಒಂದು ವಾರ ಇದೆ ಎನ್ನುವಾಗ ಯೋಜನೆ ಮಾಡಲು ಕೂತರೆ ಆಗಲೇ ತಡವಾಗಿರುತ್ತದೆ. ಮಗು ಒಳಗೆ ಹೋದ ಮೊದಲ ವಾರಗಳಲ್ಲೇ ಗೃಹದ ಅಧೀಕ್ಷಕರನ್ನೋ ಆಪ್ತ ಸಮಾಲೋಚಕರನ್ನೋ ಕಂಡು, 'ಇವನ ಬಿಡುಗಡೆ ನಂತರದ ಯೋಜನೆಯನ್ನು ಯಾರು ಬರೆಯುತ್ತಾರೆ, ನಮ್ಮನ್ನು ಯಾವಾಗ ಕೂರಿಸಿಕೊಳ್ಳುತ್ತೀರಿ?' ಎಂದು ಕೇಳಿ. ಇದು ದಾಕ್ಷಿಣ್ಯ ಪಡಬೇಕಾದ ವಿಷಯವಲ್ಲ. ಬಂಧನದಲ್ಲಿರುವ ಮಕ್ಕಳ ರಕ್ಷಣೆಗಾಗಿ ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ ಹವಾನಾ ನಿಯಮಗಳು, ಕುಟುಂಬ, ಓದು, ಉದ್ಯೋಗಕ್ಕೆ ಮರಳಲು ಪ್ರತಿ ಮಗುವಿಗೂ ವ್ಯವಸ್ಥಿತ ನೆರವು ಸಿಗಬೇಕೆಂದು 79ನೇ ನಿಯಮದಲ್ಲಿ ಹೇಳುತ್ತವೆ. ಇರಲು ಸೂಕ್ತ ಜಾಗ, ಬಟ್ಟೆ, ಜೀವನ ನಡೆಸುವಷ್ಟು ಅನುಕೂಲ, ಕೆಲಸ ಇವುಗಳನ್ನು ಸಾಧ್ಯವಾದ ಮಟ್ಟಿಗೆ ನೋಡಿಕೊಳ್ಳುವ ಹೊಣೆಯನ್ನು 80ನೇ ನಿಯಮ ಸಂಬಂಧಪಟ್ಟ ಇಲಾಖೆಗಳ ಮೇಲೆ ಹಾಕುತ್ತದೆ.

ಯೋಜನೆ ಎಷ್ಟೇ ಪುಟ ಇರಲಿ, ಮೂರು ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ದರೆ ಅದು ಬರೀ ಕಾಗದ. ಹೊರಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗುತ್ತಾನೆ? ಮರುದಿನ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ? ರಾತ್ರಿ ಹನ್ನೊಂದಕ್ಕೆ ಏನಾದರೂ ಎಡವಟ್ಟಾದರೆ ಯಾರಿಗೆ ಫೋನ್ ಮಾಡುತ್ತಾನೆ? ಮೂರನೆಯದಕ್ಕೆ ಉತ್ತರವಾಗಿ ಕಚೇರಿಯ ಹೆಸರು ಬರೆದಿದ್ದರೆ ಒಪ್ಪಬೇಡಿ. ಅಲ್ಲಿ ಒಬ್ಬ ಮನುಷ್ಯರ ಹೆಸರು ಇರಬೇಕು.

ಯೋಜನೆ ಮಾಡುವಾಗ ಹುಡುಗ ಅದೇ ಕೋಣೆಯಲ್ಲಿ ಕೂತಿರಬೇಕು. ಮೊದಮೊದಲು ಅವನು ಬಾಯಿ ಬಿಡದಿರಬಹುದು. ತಿಂಗಳುಗಟ್ಟಲೆ ಯಾರೂ ಅವನ ಅಭಿಪ್ರಾಯ ಕೇಳಿರುವುದಿಲ್ಲ. 'ನಿನಗೆ ಏನು ಬೇಕು?' ಎಂಬ ದೊಡ್ಡ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರುವುದಿಲ್ಲ. 'ಹೊರಗೆ ಹೋದ ಮೇಲೆ ಯಾರನ್ನು ನೋಡಲು ನಿನಗೆ ಇಷ್ಟವಿಲ್ಲ?' ಎಂದು ಕೇಳಿ ನೋಡಿ. ಮಾತು ಶುರುವಾಗುತ್ತದೆ, ಯೋಜನೆಗೆ ಬೇಕಾದ ಅರ್ಧ ವಿಷಯ ಅದರಲ್ಲೇ ಸಿಗುತ್ತದೆ.

ಭೇಟಿ ಮತ್ತು ಫೋನ್ ಕರೆಗಳನ್ನು ತಪ್ಪಿಸಬೇಡಿ. ಅವಕಾಶ ಇದ್ದರೆ ಬಿಡುಗಡೆಗೆ ಮುಂಚೆ ಒಂದೆರಡು ದಿನ ರಜೆಯ ಮೇಲೆ ಮನೆಗೆ ಕರೆತನ್ನಿ. ಎಲ್ಲಿ ಒದ್ದಾಟ ಆಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ, ಸರಿಪಡಿಸಲು ಸಮಯವೂ ಇರುತ್ತದೆ.

ಹಂತ 2: ಕಾಗದಪತ್ರ ಒಟ್ಟುಮಾಡಿ

ಬೇಸರದ ಕೆಲಸ, ಆದರೆ ಇದು ಆಗದೆ ಮುಂದಿನ ಯಾವುದೂ ಆಗುವುದಿಲ್ಲ. ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಹಿಂದಿನ ಶಾಲೆಯ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ, ಲಸಿಕೆ ಹಾಗೂ ವೈದ್ಯಕೀಯ ದಾಖಲೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ, ಬ್ಯಾಂಕ್ ಖಾತೆಯ ವಿವರ, ಬಿಡುಗಡೆ ಆದೇಶದ ಪ್ರತಿ, ಇಷ್ಟು ಒಂದೇ ಫೈಲಿನಲ್ಲಿ ಇರಲಿ. ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಒಂದನ್ನು ಹುಡುಗನ ಕೈಗೇ ಕೊಡಿ.

ಒಳಗೆ ಓದಿ ಪಾಸಾಗಿದ್ದರೆ, ತರಬೇತಿ ಮುಗಿಸಿದ್ದರೆ ಆ ಪ್ರಮಾಣಪತ್ರವನ್ನು ಬಿಡುಗಡೆಗೆ ಮುಂಚೆಯೇ ಕೇಳಿ ಪಡೆಯಿರಿ, ಪಡೆದಾಗ ಓದಿ ನೋಡಿ. ಮಗು ಬಂಧನದಲ್ಲಿತ್ತು ಎಂಬ ಸುಳಿವು ಆ ಪತ್ರದಲ್ಲಿ ಎಲ್ಲಿಯೂ ಇರಬಾರದು ಎಂದು ಹವಾನಾ ನಿಯಮಗಳ 40ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ವಿಳಾಸದ ಜಾಗದಲ್ಲೋ ಮೊಹರಿನಲ್ಲೋ ಗೃಹದ ಹೆಸರು ಕಂಡರೆ ಅಲ್ಲಿಯೇ ಬದಲಿಸಿಕೊಡಲು ಕೇಳಿ. ಆಮೇಲೆ ಕೇಳಿದರೆ ಅದು ವರ್ಷದ ಕೆಲಸವಾಗುತ್ತದೆ.

ಹಂತ 3: ಮನೆಯನ್ನು ಸಿದ್ಧ ಮಾಡಿ

ಮೊದಲ ಪ್ರಶ್ನೆ: ಆ ಮನೆ ಅವನಿಗೆ ಸುರಕ್ಷಿತವೇ? ಹೊಡೆತ, ಕುಡಿತ, ಲೈಂಗಿಕ ದೌರ್ಜನ್ಯ ಇರುವ ಮನೆಗೆ 'ಎಷ್ಟಾದರೂ ಹೆತ್ತವರು' ಎಂದು ಕಳಿಸುವುದು ಮಗುವಿಗೆ ಮಾಡುವ ಅನ್ಯಾಯ. ಅಜ್ಜಿ, ಚಿಕ್ಕಮ್ಮ, ಸೋದರಮಾವ, ಪೋಷಕ ಕುಟುಂಬ, ಅನುಪಾಲನಾ ಗೃಹ (ಹೊರಬಂದವರಿಗೆ ನೆಲೆ ಸಿಗುವವರೆಗೆ ಆಸರೆ ಕೊಡುವ ಮನೆ) ಇವೆಲ್ಲವನ್ನೂ ತೂಗಿ ನೋಡಿ. ಬಾಲ ನ್ಯಾಯದ ಬಗ್ಗೆ ವಿಶ್ವಸಂಸ್ಥೆ ಅಂಗೀಕರಿಸಿದ 1985ರ ಬೀಜಿಂಗ್ ನಿಯಮಗಳು ಬಂಧನಕ್ಕೂ ಮನೆಗೂ ನಡುವಿನ ಇಂಥ ಅರೆ ತಂಗುದಾಣಗಳನ್ನೂ ಹಗಲು ತರಬೇತಿ ಕೇಂದ್ರಗಳನ್ನೂ ಬೆಳೆಸಬೇಕೆಂದು ಹೇಳಿರುವುದು ಈ ಕಾರಣಕ್ಕೇ.

ಮನೆ ಸರಿಯಾಗಿದ್ದರೂ ಅಲ್ಲಿರುವವರು ಸಿದ್ಧರಿರುವುದಿಲ್ಲ. ತಮ್ಮನಿಗೆ ಅಣ್ಣನ ಮೇಲೆ ಸಿಟ್ಟಿರಬಹುದು, ಶಾಲೆಯಲ್ಲಿ ಮಾತು ಕೇಳಿಸಿಕೊಂಡವನು ಅವನು. ತಂಗಿಗೆ ಹೆದರಿಕೆ ಇರಬಹುದು. ಅಪ್ಪನಿಗೆ ವಕೀಲರ ಖರ್ಚು ನೆನಪಾಗುತ್ತಿರಬಹುದು. ಇವನ್ನೆಲ್ಲ ಹುಡುಗ ಬರುವ ಮುಂಚೆ, ಅವನಿಲ್ಲದಾಗ ಮಾತಾಡಿ ಮುಗಿಸಿ. ಬಂದ ಮೇಲೆ ಊಟಕ್ಕೆ ಕೂತಾಗ ಲೆಕ್ಕ ತೆಗೆಯಬೇಡಿ.

ಮನೆಯ ನಿಯಮಗಳು ನಾಲ್ಕೈದು ಸಾಕು: ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಹೊರಗೆ ಹೋದರೆ ಎಲ್ಲಿಗೆಂದು ಹೇಳಬೇಕು, ಮನೆಗೆಲಸದಲ್ಲಿ ಯಾವುದು ಅವನದು, ಏನು ಮಾಡಿದರೆ ಸುತರಾಂ ನಡೆಯುವುದಿಲ್ಲ. ಅವನ ಜೊತೆ ಕೂತೇ ತೀರ್ಮಾನಿಸಿ. ಇಪ್ಪತ್ತು ನಿಯಮ ಇಟ್ಟರೆ ಮೊದಲ ವಾರವೇ ಹದಿನೈದು ಮುರಿಯುತ್ತವೆ, ಉಳಿದ ಐದಕ್ಕೂ ಬೆಲೆ ಹೋಗುತ್ತದೆ.

ಹಂತ 4: ಮೊದಲ ಎರಡು ವಾರ

ಇಲ್ಲಿ ನಿಧಾನವಾಗಿ ಓದಿ. ಎಷ್ಟೋ ಮನೆಗಳಲ್ಲಿ ತಪ್ಪು ತಿಳುವಳಿಕೆ ಶುರುವಾಗುವುದು ಇಲ್ಲಿಂದ.

ಬಂಧನಗೃಹದಲ್ಲಿ ಬಾಗಿಲು ತೆಗೆಯುವವರು ಬೇರೆಯವರು. ಹಾಗಾಗಿ ಮನೆಗೆ ಬಂದ ಹುಡುಗ ತೆರೆದ ಬಾಗಿಲ ಮುಂದೆಯೂ ನಿಂತುಬಿಡುತ್ತಾನೆ. 'ಅಮ್ಮಾ, ಬಾತ್‌ರೂಮಿಗೆ ಹೋಗಲಾ?' ಎಂದು ಕೇಳುತ್ತಾನೆ. ತಟ್ಟೆಯನ್ನು ಕೈಯಿಂದ ಮರೆಮಾಡಿಕೊಂಡು ನಾಲ್ಕೇ ನಿಮಿಷದಲ್ಲಿ ಊಟ ಮುಗಿಸುತ್ತಾನೆ. ರಾತ್ರಿಯಿಡೀ ದೀಪ ಉರಿಯುವ ಕಡೆ ಮಲಗಿ ಅಭ್ಯಾಸವಾದವನಿಗೆ ಕತ್ತಲಲ್ಲಿ ನಿದ್ದೆ ಹತ್ತುವುದಿಲ್ಲ. ಬೆಳಗಿನ ಜಾವದವರೆಗೆ ಎಚ್ಚರವಿದ್ದು ಮಧ್ಯಾಹ್ನದವರೆಗೆ ಮಲಗುತ್ತಾನೆ. ಹಿಂದಿನಿಂದ ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಸಟ್ಟನೆ ತಿರುಗಿ ಮುಷ್ಟಿ ಬಿಗಿಯುತ್ತಾನೆ. ಮನೆಯವರ ಕಣ್ಣಿಗೆ ಇದು ಸೋಮಾರಿತನ, ಒರಟುತನ, 'ಅಲ್ಲಿಂದ ಕಲಿತು ಬಂದದ್ದು'. ನಿಜದಲ್ಲಿ ಒಳಗೆ ಬದುಕಲು ಬೇಕಾಗಿದ್ದ ರೂಢಿಗಳು ಇವು, ಹೊರಗೆ ಬಂದ ಕೂಡಲೇ ಕಳಚಿ ಬೀಳುವುದಿಲ್ಲ. ಚಿಕ್ಕ ದೀಪ ಉರಿಯಲು ಬಿಡಿ. ಎದುರಿನಿಂದ ಬಂದು ಮಾತಾಡಿಸಿ. ಸಣ್ಣಪುಟ್ಟ ತೀರ್ಮಾನಗಳನ್ನು, ಯಾವ ಅಂಗಿ ಹಾಕಬೇಕು, ಎಷ್ಟು ಹೊತ್ತಿಗೆ ಊಟ ಎಂಬಂಥವನ್ನು ಅವನಿಗೇ ಬಿಡಿ. ತೀರ್ಮಾನ ಮಾಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಬಂದ ದಿನವೇ ನೆಂಟರನ್ನೆಲ್ಲ ಕರೆಯಬೇಡಿ. ಅವನೇ ಕೇಳಿದರೆ ಬೇರೆ ಮಾತು.

ಔಷಧಿ ವಿಷಯದಲ್ಲಿ ಒಂದು ದಿನವೂ ಅಂತರ ಬೀಳಬಾರದು. ಒಳಗೆ ಖಿನ್ನತೆಗೋ ಅಪಸ್ಮಾರಕ್ಕೋ ಮಾತ್ರೆ ಕೊಡುತ್ತಿದ್ದರೆ, ಹೊರಗಿನ ವೈದ್ಯರನ್ನು ಕಾಣುವವರೆಗೆ ಸಾಲುವಷ್ಟು ಮಾತ್ರೆ ಕೊಟ್ಟು ಕಳಿಸುವಂತೆ ಕೇಳಿ. ಮಾದಕ ವಸ್ತುವಿನ ಅಭ್ಯಾಸವಿದ್ದ ಮಗುವಾದರೆ ಇನ್ನೊಂದು ಎಚ್ಚರಿಕೆ: ತಿಂಗಳುಗಟ್ಟಲೆ ಬಿಟ್ಟಿದ್ದರಿಂದ ದೇಹದ ತಾಳಿಕೆ ಇಳಿದಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಜೀವಕ್ಕೆ ಎರವಾಗಬಹುದು. ಇದನ್ನು ಅವನಿಗೆ ನೇರವಾಗಿ ಹೇಳಿ. 'ಹೇಳಿದರೆ ನೆನಪು ಮಾಡಿದಂತಾಗುತ್ತದೆ' ಎಂದು ಸುಮ್ಮನಿರಬೇಡಿ. ಸಾಯುವ ಮಾತು ಬಂದರೆ, ತಮಾಷೆಗೆ ಅಂದಂತೆ ಕಂಡರೂ, ಅದೇ ದಿನ ಮಾನಸಿಕ ಆರೋಗ್ಯ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ.

ಹಂತ 5: ಷರತ್ತುಗಳನ್ನು ಕ್ಯಾಲೆಂಡರಿಗೆ ಇಳಿಸಿ

ಬಿಡುಗಡೆ ಆದೇಶದ ಭಾಷೆ ವಕೀಲರಿಗೇ ಕಷ್ಟ, ಹದಿನಾರರ ಹುಡುಗನಿಗೆ ಅರ್ಥವಾಗುವ ಮಾತೆಲ್ಲಿ! ಪ್ರತಿ ಷರತ್ತನ್ನೂ ಆಡುಮಾತಿನಲ್ಲಿ ಬರೆಯಿರಿ: ಏನು ಮಾಡಬೇಕು, ಯಾವ ದಿನ, ಎಲ್ಲಿ, ತಪ್ಪಿದರೆ ಏನಾಗುತ್ತದೆ. ಆಮೇಲೆ ಅವನ್ನು ಒಂದು ವಾರದ ಕ್ಯಾಲೆಂಡರಿಗೆ ಹಾಕಿ.

ಹಾಕಿದಾಗಲೇ ಬಿಕ್ಕಟ್ಟು ಕಾಣುವುದು. ಸೋಮವಾರ ಬೆಳಗ್ಗೆ ಹತ್ತಕ್ಕೆ ಪ್ರೊಬೇಷನ್ ಅಧಿಕಾರಿಯ (ಬಿಡುಗಡೆಯಾದವರ ಮೇಲ್ವಿಚಾರಣೆ ನೋಡುವವರ) ಮುಂದೆ ಹಾಜರಾಗಬೇಕು. ಅದೇ ಹತ್ತಕ್ಕೆ ಶಾಲೆಯ ಎರಡನೇ ಪೀರಿಯಡ್. ಬುಧವಾರ ಮಧ್ಯಾಹ್ನ ಆಪ್ತ ಸಮಾಲೋಚನೆ, ಅಲ್ಲಿಗೆ ಎರಡು ಬಸ್ ಬದಲಿಸಿ ಹೋಗಬೇಕು. ಶುಕ್ರವಾರ ವ್ಯಸನಮುಕ್ತಿ ಗುಂಪು ಮುಗಿಯುವ ಹೊತ್ತಿಗೆ ಮನೆ ಸೇರಬೇಕಾದ ಸಮಯ ದಾಟಿರುತ್ತದೆ. ಒಂದೊಂದು ಇಲಾಖೆಯೂ ತನ್ನ ಷರತ್ತನ್ನಷ್ಟೇ ನೋಡಿ ಸರಿಯಾಗಿಯೇ ಬರೆದಿದೆ. ಎಲ್ಲವನ್ನೂ ಒಟ್ಟಿಗೆ ನಿಭಾಯಿಸಬೇಕಾದವನು ಹುಡುಗ ಒಬ್ಬನೇ. ಕ್ಯಾಲೆಂಡರನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, 'ಸರ್, ಶಾಲೆ ಮುಗಿದ ಮೇಲೆ ನಾಲ್ಕಕ್ಕೆ ಸಮಯ ಕೊಡಿ' ಎಂದು ಕೇಳಿ. ಕೇಳಿದರೆ ಬದಲಾಗುತ್ತದೆ. ಕೇಳದೆ ತಪ್ಪಿಸಿದರೆ ಷರತ್ತು ಉಲ್ಲಂಘನೆ ಎಂದು ದಾಖಲಾಗುತ್ತದೆ. ಹೊಸ ಅಪರಾಧ ಏನೂ ಮಾಡದೆ ಮಕ್ಕಳು ಮತ್ತೆ ಒಳಗೆ ಹೋಗುವುದು ಹೀಗೆ. ಒಪ್ಪಿಕೊಂಡ ಬದಲಾವಣೆಯನ್ನು ಬರಹದಲ್ಲಿ ಪಡೆಯಿರಿ.

ಹಂತ 6: ಒಬ್ಬ ಗಟ್ಟಿ ವ್ಯಕ್ತಿಯನ್ನು ಜೊತೆಗೆ ನಿಲ್ಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ. ತಂದೆತಾಯಿಗಳ ಹೊರತಾಗಿ, ಅಧಿಕಾರಿಯೂ ಅಲ್ಲದ, ಅವನ ಮೇಲೆ ನಂಬಿಕೆ ಇರುವ ಒಬ್ಬ ವಯಸ್ಕ ಬೇಕು: ಹಳೆಯ ಮೇಷ್ಟ್ರು, ಆಟದ ಕೋಚ್, ತಾನೂ ಅದೇ ದಾರಿಯಲ್ಲಿ ಹೋಗಿ ಈಗ ನೆಲೆ ನಿಂತ ಅಣ್ಣ. ಕೊನೆಯವರ ಮಾತು ಹುಡುಗರ ಕಿವಿಗೆ ಬೇಗ ಬೀಳುತ್ತದೆ.

ಆದರೆ ಉತ್ಸಾಹಕ್ಕೆ ಬಂದು ನಡುವೆ ಬಿಟ್ಟುಹೋಗುವವರು ಬೇಡ. ಅಮೆರಿಕದ ಒಂದು ದೊಡ್ಡ ಮಾರ್ಗದರ್ಶನ ಕಾರ್ಯಕ್ರಮದ ಮಾಹಿತಿ ಆಧರಿಸಿ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಒಂದು ವರ್ಷ ಅಥವಾ ಹೆಚ್ಚು ಉಳಿದ ಒಡನಾಟದಿಂದ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನವಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದಾಗ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಸಿಯಿತು. ಹಾಗಾಗಿ ಸ್ವಯಂಸೇವಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, 'ಒಂದು ವರ್ಷ ಇರುತ್ತೀರಾ?' ಎಂಬುದು. ಅನುಮಾನವಿದ್ದರೆ ಅವರು ಬೇರೆ ರೀತಿಯಲ್ಲಿ ಸಹಾಯ ಮಾಡಲಿ.

ವಾರಕ್ಕೊಂದು ಭೇಟಿ, ನಡುವೆ ಒಂದೆರಡು ಫೋನ್. ಉಪದೇಶ ಬೇಡ. ಒಟ್ಟಿಗೆ ಏನಾದರೂ ಮಾಡಿ: ಸೈಕಲ್ ರಿಪೇರಿ, ಕೇರಂ, ಅರ್ಜಿ ತುಂಬುವುದು. ಪಕ್ಕಪಕ್ಕ ಕೂತು ಕೆಲಸ ಮಾಡುವಾಗ ಹೊರಬರುವ ಮಾತು ಎದುರಾಎದುರು ಕೂತಾಗ ಬರುವುದಿಲ್ಲ.

ಹಂತ 7: ಓದು, ಕೆಲಸ

ಶಾಲೆಗೆ ಮರಳುವ ಮಗುವಿನ ವಿಷಯದಲ್ಲಿ ಮುಖ್ಯೋಪಾಧ್ಯಾಯರನ್ನು ಮುಂಚೆಯೇ, ಒಬ್ಬರೇ ಇರುವಾಗ ಭೇಟಿಯಾಗಿ. ಎಲ್ಲ ಶಿಕ್ಷಕರಿಗೂ ಎಲ್ಲ ವಿಷಯ ತಿಳಿಯಬೇಕಿಲ್ಲ. ಯಾರಿಗೆ ಏನು ಗೊತ್ತಿರಬೇಕು ಎಂದು ಅಲ್ಲಿಯೇ ತೀರ್ಮಾನವಾಗಲಿ. ವರ್ಷದ ನಡುವೆ ಪ್ರವೇಶ ಕೊಡುವುದಿಲ್ಲ, ಮುಂದಿನ ವರ್ಷ ಬನ್ನಿ ಎಂದರೆ ಮೇಲಧಿಕಾರಿಗಳಿಗೆ ಲಿಖಿತ ಮನವಿ ಕೊಡಿ. ಖಾಲಿ ಕೂತ ಆ ತಿಂಗಳುಗಳೇ ಅಪಾಯದವು. ಅವನಿಗಿಂತ ಮೂರು ವರ್ಷ ಚಿಕ್ಕವರ ಜೊತೆ ಕೂರಿಸಿದರೆ ವಾರದೊಳಗೆ ಶಾಲೆ ಬಿಡುತ್ತಾನೆ. ಅಂಥವನಿಗೆ ಮುಕ್ತ ಶಾಲೆ, ಖಾಸಗಿಯಾಗಿ ಪರೀಕ್ಷೆ ಕಟ್ಟುವುದು, ಐಟಿಐ ಮಾದರಿಯ ವೃತ್ತಿ ತರಬೇತಿ ಒಳ್ಳೆಯ ದಾರಿ.

ಓದಿನಲ್ಲಿ ಎಷ್ಟು ಹಿಂದೆ ಬಿದ್ದಿದ್ದಾನೆ ಎಂದು ನಾಚಿಕೆಯಾಗದಂತೆ ಅಳೆಯಿರಿ. ಅಕ್ಷರ ಕೂಡಿಸಲು ಬಾರದ ಹದಿನೈದರ ಹುಡುಗ ಅದನ್ನು ಮುಚ್ಚಿಡಲು ತರಗತಿಯಲ್ಲಿ ಜಗಳ ತೆಗೆಯುತ್ತಾನೆ. ದಂಡಿಸುವ ಮುಂಚೆ ಒಂದು ಪುಟ ಓದಿಸಿ ನೋಡಿ. ಕಣ್ಣು, ಕಿವಿಯ ತಪಾಸಣೆಯನ್ನೂ ಮಾಡಿಸಿ.

ಕೆಲಸ ಎಂದರೆ ವಯಸ್ಸಿಗೆ ತಕ್ಕ, ಕಾನೂನು ಒಪ್ಪುವ ಕೆಲಸ. ಹಣ ಕೈಗೆ ಬರುವುದು ಈ ಮಕ್ಕಳಿಗೆ ತುಂಬಾ ಮುಖ್ಯ, ಅದನ್ನು ಹಗುರವಾಗಿ ನೋಡಬಾರದು. ಹಿಂದೆ ಒಂದೇ ರಾತ್ರಿಯಲ್ಲಿ ಸಿಗುತ್ತಿದ್ದ ಹಣ ಈಗ ತಿಂಗಳು ದುಡಿದರೂ ಬರುವುದಿಲ್ಲ ಎಂಬುದನ್ನು ಅವನು ಲೆಕ್ಕ ಹಾಕಿರುತ್ತಾನೆ. ಕೆಲಸ ಕೊಡುವವರು ಹಿಂದಿನ ವಿಷಯ ಕೇಳಿದರೆ ಏನು ಹೇಳಬೇಕು ಎಂದು ಮೊದಲೇ ಅಭ್ಯಾಸ ಮಾಡಿಸಿ. ಕಾನೂನು ಪ್ರಕಾರ ಹೇಳಬೇಕಾಗಿಲ್ಲದಿದ್ದರೆ ಹೇಳುವುದು ಬೇಡ. ಹೇಳಲೇಬೇಕಾದ ಕಡೆ ಮೂರು ವಾಕ್ಯ ಸಾಕು: 'ಚಿಕ್ಕವನಿದ್ದಾಗ ಒಂದು ಪ್ರಕರಣದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅದು ಮುಗಿದಿದೆ, ಆಮೇಲೆ ವೆಲ್ಡಿಂಗ್ ತರಬೇತಿ ಮುಗಿಸಿದ್ದೇನೆ. ಬೇಕಿದ್ದರೆ ನನ್ನ ತರಬೇತುದಾರರ ಜೊತೆ ಮಾತಾಡಿ ಸರ್.' ನೆಲ ನೋಡದೆ ಇಷ್ಟನ್ನು ಹೇಳಲು ಬರುವವರೆಗೆ ಅಭ್ಯಾಸ ಮಾಡಿಸಿ.

ಹಂತ 8: ಹಳೆಯ ಗೆಳೆಯರು

'ಅವರ ಸಹವಾಸ ಬಿಡು' ಎನ್ನುವುದು ಸುಲಭ. ಬಿಟ್ಟ ಮೇಲೆ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಅವನು ಯಾರ ಜೊತೆ ಇರಬೇಕು? ಆ ಹೊತ್ತನ್ನು ತುಂಬಿಸದೆ ಗೆಳೆತನ ಬಿಡಿಸಲು ಆಗುವುದಿಲ್ಲ. ಆಟದ ತಂಡ, ಸಂಗೀತ, ಸಂಜೆ ತರಗತಿ, ಸಂಜೆಯ ಕೆಲಸ, ಯಾವುದಾದರೂ ಸರಿ. ತೊಂದರೆಯಲ್ಲಿರುವ ಮಕ್ಕಳನ್ನೇ ಒಂದೆಡೆ ಕೂಡಿಹಾಕಿ ಗುಂಪು ಚಟುವಟಿಕೆ ನಡೆಸುವುದು ತಿರುಗುಬಾಣವಾಗಬಹುದು ಎಂದು ಡಿಷನ್, ಮೆಕಾರ್ಡ್, ಪೌಲಿನ್ ಎಂಬ ಸಂಶೋಧಕರು 1999ರಲ್ಲೇ ಎಚ್ಚರಿಸಿದ್ದರು. ಮಕ್ಕಳು ಪರಸ್ಪರರ ಪುಂಡಾಟಕ್ಕೆ ಚಪ್ಪಾಳೆ ತಟ್ಟಿ ಅದನ್ನೇ ಕಲಿಯುತ್ತಾರೆ. ಎಲ್ಲ ಬಗೆಯ ಮಕ್ಕಳೂ ಬೆರೆತಿರುವ ಗುಂಪನ್ನು ಹುಡುಕಿ.

ಹಿಂದೆ ಅವನಿಂದ ಕೆಲಸ ಮಾಡಿಸಿಕೊಂಡ ದೊಡ್ಡವರು ಮತ್ತೆ ಸುಳಿದಾಡಿದರೆ ಅದು ಗೆಳೆತನದ ವಿಷಯವಲ್ಲ, ಶೋಷಣೆ. ವಕೀಲರ ಮೂಲಕ ದೂರು ಕೊಡಿ. ಅಗತ್ಯ ಬಿದ್ದರೆ ಸ್ವಲ್ಪ ಕಾಲ ಜಾಗ ಬದಲಿಸಿ.

ಹಂತ 9: ನೆರೆಹೊರೆ ಮತ್ತು ದಾಖಲೆ

ಏನು ನಡೆಯಿತು ಎಂದು ಬೀದಿಯವರಿಗೆ ವಿವರಿಸುವ ಬಾಧ್ಯತೆ ಯಾರಿಗೂ ಇಲ್ಲ. ಮನೆಯವರೆಲ್ಲ ಒಂದೇ ಮಾತು ಹೇಳಿ: 'ವಾಪಸ್ ಬಂದಿದ್ದಾನೆ, ಓದು ಮುಂದುವರಿಸುತ್ತಿದ್ದಾನೆ.' ಫೋಟೊ, ಹೆಸರು ಜಾಲತಾಣದಲ್ಲಿ ಹರಿದಾಡುತ್ತಿದ್ದರೆ ಅಳಿಸಲು ದೂರು ಕೊಡಿ. ನೊಂದವರ ಮನೆ ಹತ್ತಿರದಲ್ಲೇ ಇದ್ದರೆ ಅವರ ನೆಮ್ಮದಿಯೂ ನಿಮ್ಮ ಜವಾಬ್ದಾರಿ. ಕ್ಷಮೆ ಕೇಳಲೆಂದು ಹುಡುಗನನ್ನು ಏಕಾಏಕಿ ಅವರ ಬಾಗಿಲಿಗೆ ಕಳಿಸಬೇಡಿ. ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲೇ ತಂದ ಕುಟುಂಬ ಸಮಾಲೋಚನಾ ಸಭೆಗಳಂತೆ, ತರಬೇತಿ ಪಡೆದ ಮಧ್ಯಸ್ಥರಿದ್ದು ನೊಂದವರೂ ಮನಸಾರೆ ಒಪ್ಪಿದಾಗ ಮಾತ್ರ ಎರಡೂ ಕಡೆಯವರು ಕೂರಬೇಕು.

ದಾಖಲೆಯ ಗೋಪ್ಯತೆ ಬಹುತೇಕ ದೇಶಗಳ ಕಾನೂನಿನಲ್ಲಿದೆ, ಅದನ್ನು ತಿಳಿದುಕೊಂಡು ಬಳಸಿ. ಭಾರತದ 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ಇತ್ಯರ್ಥವಾದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು. 16 ವರ್ಷ ದಾಟಿ, ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾಗಿ ತಪ್ಪಿತಸ್ಥರೆಂದಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. 74ನೇ ಸೆಕ್ಷನ್ ಮಗುವಿನ ಗುರುತು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತಪ್ಪಿದರೆ 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ.

ಹುಡುಗಿಯರ ವಿಷಯದಲ್ಲಿ ಒಂದು ಮಾತು. ಕಳಂಕ ಅವರಿಗೆ ಇಮ್ಮಡಿ ಅಂಟುತ್ತದೆ, ಒಳಗೆ ಹೋಗುವ ಮುಂಚೆಯೇ ದೌರ್ಜನ್ಯಕ್ಕೆ ಸಿಕ್ಕವರೂ ಅವರಲ್ಲಿ ಬಹಳ. 'ಬೇಗ ಮದುವೆ ಮಾಡಿಬಿಡೋಣ' ಎಂಬ ಸಲಹೆ ಬಂದರೆ ಅಡ್ಡ ನಿಲ್ಲಿ. ಜೊತೆಗಿರುವ ವಯಸ್ಕ ಮಹಿಳೆಯೇ ಆಗಿರಲಿ, ಆಘಾತದ ಚಿಕಿತ್ಸೆ ತಿಳಿದ ಆಪ್ತ ಸಮಾಲೋಚಕರು ಸಿಗಲಿ.

ಹಂತ 10: ಎಡವಿದಾಗ

ಎಡವುತ್ತಾನೆ. ಒಂದು ದಿನ ಶಾಲೆ ತಪ್ಪಿಸುತ್ತಾನೆ, ತಡವಾಗಿ ಬರುತ್ತಾನೆ, ಕುಡಿದು ಬರುತ್ತಾನೆ. ಹದಿಹರೆಯದಲ್ಲಿ ಆವೇಗ ತಡೆಯುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ, ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತದೆ. ಮೊದಲ ಪ್ರಶ್ನೆ 'ಯಾಕೆ ಹೀಗೆ ಮಾಡಿದೆ?' ಆಗದಿರಲಿ. 'ಅದಕ್ಕೆ ಮುಂಚೆ ಏನಾಯಿತು?' ಎಂದು ಕೇಳಿ. ಶಿಕ್ಷೆ ಸಣ್ಣದಾಗಿ, ತಕ್ಷಣ, ಹೇಳಿದಷ್ಟೇ ಇರಲಿ. ಸರಿ ಮಾಡಿದ್ದನ್ನು ಗುರುತಿಸಿ ಹೇಳುವುದು ತಪ್ಪು ತೋರಿಸುವುದಕ್ಕಿಂತ ಹಲವು ಪಟ್ಟು ಹೆಚ್ಚಿರಲಿ.

ಹೆದರಿಸಿ ದಾರಿಗೆ ತರುತ್ತೇವೆ ಎಂದು ಜೈಲು ತೋರಿಸಲು ಕರೆದುಕೊಂಡು ಹೋಗುವವರಿದ್ದಾರೆ. ಅದು ಬೇಡ. ಅಂಥ ಕಾರ್ಯಕ್ರಮಗಳ 9 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಪೆಟ್ರೊಸಿನೊ ಮತ್ತು ಸಂಗಡಿಗರು, ಅವುಗಳಿಂದ ಅಪರಾಧ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು ಕಂಡುಕೊಂಡರು. ಫಿಲಡೆಲ್ಫಿಯಾ ಮತ್ತು ಫೀನಿಕ್ಸ್ ನಗರಗಳಲ್ಲಿ ಗಂಭೀರ ಅಪರಾಧ ಎಸಗಿದ 1,354 ಹದಿಹರೆಯದವರನ್ನು 7 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಬಹುಪಾಲು ಮಂದಿಯ ಅಪರಾಧ ಕಾಲಕ್ರಮೇಣ ಬಹಳ ತಗ್ಗಿತು. ಹೆಚ್ಚು ಕಾಲ ಒಳಗಿಟ್ಟದ್ದರಿಂದ ಅದು ಇನ್ನಷ್ಟು ತಗ್ಗಲಿಲ್ಲ. ಆದರೆ ಕುಟುಂಬವನ್ನೂ ಸೇರಿಸಿಕೊಂಡ ವ್ಯಸನ ಚಿಕಿತ್ಸೆ ನೆರವಾಗಿತ್ತು.

ಮತ್ತೆ ಬಂಧನವಾದರೆ ತಕ್ಷಣ ವಕೀಲರಿಗೆ ತಿಳಿಸಿ. ವಕೀಲರು ಬರುವವರೆಗೆ ಯಾವ ಹೇಳಿಕೆಗೂ ಸಹಿ ಹಾಕಬೇಡ ಎಂದು ಅವನಿಗೆ ಹೇಳಿ. ಈವರೆಗೆ ಶಾಲೆಗೆ ಹೋದ, ಕೆಲಸ ಮಾಡಿದ, ಅಧಿಕಾರಿಯ ಮುಂದೆ ಹಾಜರಾದ ದಾಖಲೆಗಳನ್ನು ನ್ಯಾಯಾಲಯದ ಮುಂದಿಡಿ. ಜೊತೆಗಿರುವ ವ್ಯಕ್ತಿ ಅದೇ ವಾರ ಭೇಟಿಗೆ ಹೋಗಲೇಬೇಕು.

ಹಂತ 11: ಮೆಲ್ಲಗೆ ಕೈ ಸಡಿಲಿಸಿ

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳ ನಂತರ ತಿಂಗಳಿಗೊಮ್ಮೆ ಎಂದು ಭೇಟಿ ಇಳಿಸುತ್ತಾ ಬನ್ನಿ. ಪರೀಕ್ಷೆ, ಮನೆ ಬದಲಾವಣೆ, ಮನೆಯಲ್ಲಿ ಸಾವು, ಪ್ರಕರಣದ ವಾರ್ಷಿಕ ದಿನ ಇಂಥ ಸಮಯದಲ್ಲಿ ಮತ್ತೆ ಹೆಚ್ಚಿಸಿ. 18 ತುಂಬಿದಾಗ ಹಲವು ಸೌಲಭ್ಯಗಳು ದಿಢೀರನೆ ನಿಲ್ಲುತ್ತವೆ, ಕೆಲವು ಕಡೆ ವಿಸ್ತರಣೆ ಸಿಗುತ್ತದೆ. ಭಾರತದಲ್ಲಿ ಗೃಹದಿಂದ ಹೊರಬಂದವರಿಗೆ 21 ವರ್ಷದವರೆಗೆ ಅನುಪಾಲನೆಗೆ ಅವಕಾಶವಿದೆ. ಹುಟ್ಟುಹಬ್ಬಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಿ. ಮೇಲ್ವಿಚಾರಣೆಯ ಅವಧಿ ಮುಗಿದ ದಿನ, ಮುಗಿದಿದೆ ಎಂಬ ಲಿಖಿತ ಆದೇಶ ಪಡೆಯಿರಿ. ದಾಖಲೆ ನಾಶಪಡಿಸುವ ಅಥವಾ ಮೊಹರು ಮಾಡುವ ಅವಕಾಶ ಯಾವ ದಿನಾಂಕಕ್ಕೆ ಬರುತ್ತದೆ ಎಂದು ವಕೀಲರಿಂದ ಬರೆಸಿಕೊಂಡು, ಆ ದಿನಾಂಕ ಬಂದಾಗ ಅರ್ಜಿ ಹಾಕಿ, ಆದೇಶ ಜಾರಿಯಾಗಿದೆಯೇ ಎಂದು ಠಾಣೆ ಮತ್ತು ನ್ಯಾಯಾಲಯ ಎರಡೂ ಕಡೆ ವಿಚಾರಿಸಿ.